ಅಳೆಯುವ ಕೊಳಗ ಯಾರದು?

ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ಅವ್ವಂದಿರು ಕೂಲಿಯ ರಾಗಿ ಅಳೆಸಿಕೊಳ್ಳುವಾಗ ರಾಶಿ ನೋಡುತ್ತಿರಲಿಲ್ಲ, ಕೊಳಗ ನೋಡುತ್ತಿದ್ದರು. ರಾಶಿ ಎಷ್ಟಾದರೂ ಇರಲಿ ಕನ, ಅಳತೆ ಯಾರದು ಅನ್ನೋದೇ ಅವರ ಲೆಕ್ಕ. ಡಿಗ್ರಿ ಓದಿದ ನಾವು ಚುನಾವಣೆಯ ಮಾತಿನಲ್ಲಿ ಆ ಲೆಕ್ಕವನ್ನೇ ಮರೆತಿದ್ದೇವೆ.

2004ರಲ್ಲಿ ಪಕ್ಕದ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಗೆದ್ದವರಿಗೆ 40,752 ಮತ, ಸೋತವರಿಗೆ 40,751. ಒಂದೇ ಒಂದು ಮತದ ಮುಂದೆ ನಲವತ್ತು ಸಾವಿರ ಮತ ಹೊಟ್ಟಾಗಿ ಹಾರಿಹೋಯಿತು. 2018ರಲ್ಲಿ ರಾಜ್ಯದಾದ್ಯಂತ ಕಾಂಗ್ರೆಸ್ಸಿಗೆ ಸುಮಾರು ಶೇ. 38 ಮತ, ಬಿಜೆಪಿಗೆ ಸುಮಾರು ಶೇ. 36. ಹೆಚ್ಚು ಸೀಟು ಬಿಜೆಪಿಗೆ! ಇದನ್ನು ಕಂಡ ಗೆಳೆಯರು 'ಪ್ರಮಾಣಾನುಗುಣ ಪ್ರಾತಿನಿಧ್ಯ ಬಂದರೆ ಎಲ್ಲ ಸರಿಹೋಗುತ್ತೆ' ಅಂತಾರೆ. ಮಾತು ಒಳ್ಳೆಯದೇ, ಆದರೆ ಅರ್ಧ ಮಾತು.

ನೂರು ಮತ, ಐದು ಸೀಟು ಅಂತ ಇಟ್ಟುಕೊಳ್ಳಿ. ದೊಡ್ಡಬೀದಿಗೆ 60, ನಡುಬೀದಿಗೆ 28, ಕೇರಿಗೆ 12. ಡಿಹೊಂಟ್ ಪದ್ಧತಿಯಲ್ಲಿ ಪ್ರತಿಯೊಬ್ಬರ ಮತವನ್ನು 1, 2, 3, 4 ಹೀಗೆ ಭಾಗಿಸಿ, ಬಂದದ್ದರಲ್ಲಿ ದೊಡ್ಡ ಐದನ್ನು ಆರಿಸುತ್ತಾರೆ: 60, 30, 28, 20, 15. ದೊಡ್ಡಬೀದಿಗೆ ನಾಲ್ಕು, ನಡುಬೀದಿಗೆ ಒಂದು, ಕೇರಿಗೆ ಸೊನ್ನೆ. ಸೇಂಟ್ ಲಾಗ್ ಪದ್ಧತಿಯಲ್ಲಿ 1, 3, 5 ಹೀಗೆ ಭಾಗಿಸುತ್ತಾರೆ: 60, 28, 20, 12, 12. ಈಗ ಮೂರು, ಒಂದು, ಒಂದು. ಕೇರಿಗೂ ಒಂದು ಕುರ್ಚಿ! ಮತ ಅದೇ, ಜನ ಅದೇ, ಬದಲಾದದ್ದು ಕೊಳಗ. ಸ್ಪೇನ್ ಮೊದಲನೆಯದನ್ನು ಹಿಡಿದಿದೆ, ನ್ಯೂಜಿಲೆಂಡ್ ಎರಡನೆಯದನ್ನು. ಇದು ಬರೀ ಗಣಿತವೇ?

ಇಷ್ಟಕ್ಕೇ ಮುಗಿಯದು. ಜರ್ಮನಿಯಲ್ಲಿ ಶೇ. 5 ಮತ ದಾಟದ ಪಕ್ಷಕ್ಕೆ ಸಾಮಾನ್ಯವಾಗಿ ಪಾಲಿಲ್ಲ. ಅದಕ್ಕೊಂದು ಹೊಸ್ತಿಲು. ಹೊಸ್ತಿಲ ಹೊರಗೆ ನಿಲ್ಲುವುದು ನಮಗೆ ಹೊಸದೇ?

ಬಾಬಾಸಾಹೇಬರು 1949ರಲ್ಲಿ ಸಂವಿಧಾನ ಸಭೆಯಲ್ಲಿ ಈ ಪದ್ಧತಿಯನ್ನು ಒಪ್ಪಲಿಲ್ಲ. ಓದುಬರಹ ಬಾರದ ಜನಕ್ಕೆ ಇದು ತೊಡಕು, ಸರ್ಕಾರವೂ ಗಟ್ಟಿ ನಿಲ್ಲದು ಎಂದರು. ಆದರೆ 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಒಂದು ಕ್ಷೇತ್ರಕ್ಕೆ ಇಬ್ಬರು ಮೂವರು ಸದಸ್ಯರಿರಲಿ, ಮತದಾರ ತನ್ನೆಲ್ಲ ಮತವನ್ನೂ ಒಬ್ಬರಿಗೇ ಹಾಕುವಂತಿರಲಿ ಎಂಬ ದಾರಿ ತೋರಿಸಿದರು. ನಾವು ಮೊದಲನೆಯದನ್ನೇ ಹೇಳಿಕೊಂಡು ಎರಡನೆಯದನ್ನು ಬಿಟ್ಟರೆ ಅದು ಓದಲ್ಲ, ಭಜನೆ.

ಮೇಷ್ಟ್ರುಗಳೇ, ನಾಳೆ ಭಾಗಾಕಾರ ಕಲಿಸುವಾಗ ಈ ಲೆಕ್ಕವನ್ನೂ ಹಲಗೆ ಮೇಲೆ ಬರೆಯಿರಿ. ಪಾಲು ಕೇಳುವ ಮೊದಲು ನಮ್ಮ ಮಕ್ಕಳು ಕೊಳಗ ಮುಟ್ಟಿ ನೋಡಲಿ.