ಜಕಾತಿ ಕಟ್ಟೆಗೆ ಬಂದ ಝಕಾತ್

ಸಂತೆಗೆ ಹೊರಟ ಗಾಡಿಗಳನ್ನು ಊರಬಾಗಿಲಲ್ಲಿ ತಡೆದು ವಸೂಲು ಮಾಡುತ್ತಿದ್ದ ನಮ್ಮ ಜಕಾತಿಯ ಮೂಲ ‘ಝಕಾತ್’ ಎಂಬ ಪದ. ಇಸ್ಲಾಮಿನಲ್ಲಿ ಉಳ್ಳವರ ಸ್ವತ್ತಿನಲ್ಲಿ ಇಲ್ಲದವರಿಗಿರುವ ಪಾಲು ಕನ್ನಡಕ್ಕೆ ಬರುವ ಹೊತ್ತಿಗೆ ಸುಂಕವಾಗಿತ್ತು. ಸೇನಾಡಳಿತಗಾರ ಝಿಯಾ-ಉಲ್-ಹಕ್ 1980ರ ಜೂನ್‌ನಲ್ಲಿ ಪಾಕಿಸ್ತಾನದಲ್ಲಿ ತಂದ ಝಕಾತ್ ಮತ್ತು ಉಶ್ರ್ (ಬೆಳೆಯ ಮೇಲಿನ ಪಾಲು) ಸುಗ್ರೀವಾಜ್ಞೆ ಆ ಪದದ ಪಾಡನ್ನೇ ಮತ್ತೊಮ್ಮೆ ಪಟ್ಟಿತು.

ಕಾಗದದ ಮೇಲೆ ಏರ್ಪಾಡು ಚೊಕ್ಕವಾಗಿಯೇ ಇದೆ. ರಂಜಾನ್ ತಿಂಗಳ ಮೊದಲ ದಿನ ಉಳಿತಾಯ ಖಾತೆಯ ಹಣ ಐವತ್ತೆರಡೂವರೆ ತೊಲ, ಅಂದರೆ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟಿದ್ದರೆ ಬ್ಯಾಂಕೇ ಶೇ 2.5 ಮುರಿದುಕೊಳ್ಳುತ್ತದೆ. ಅದು ಬಜೆಟ್ಟಿನ ಹಣದೊಂದಿಗೆ ಬೆರೆಯದೆ ಪ್ರತ್ಯೇಕ ನಿಧಿಗೆ ಸೇರಬೇಕು. ಬಡವರ ಹಣ ರಸ್ತೆಗೋ ಫಿರಂಗಿಗೋ ಹೋಗದಂತೆ ಹಾಕಿದ ಈ ಬೇಲಿಯನ್ನು ಮೆಚ್ಚಲೇಬೇಕು.

ಆದರೆ ಜನ ನಂಬಲಿಲ್ಲ. ರಂಜಾನ್ ಹತ್ತಿರವಾದಂತೆ ಖಾತೆಯಿಂದ ಹಣ ತೆಗೆದು ಮನೆಯಲ್ಲಿಟ್ಟುಕೊಳ್ಳುವುದು, ಕಡಿತವಿಲ್ಲದ ಚಾಲ್ತಿ ಖಾತೆಗೆ ಸರಿಸುವುದು ವಾಡಿಕೆಯಾಯಿತು. ಝಕಾತ್ ಸರ್ಕಾರದ ಕೈಗೆ ಹೋಗುವುದು ತಮ್ಮ ಧರ್ಮಶಾಸ್ತ್ರವಾದ ಫಿಕ್ಹ್‌ಗೆ ಒಪ್ಪುವುದಿಲ್ಲವೆಂದು ಶಿಯಾಗಳು ಅದೇ ವರ್ಷದ ಜುಲೈನಲ್ಲಿ ಇಸ್ಲಾಮಾಬಾದಿನ ಸಚಿವಾಲಯವನ್ನೇ ಮುತ್ತಿಗೆ ಹಾಕಿ ವಿನಾಯಿತಿ ಪಡೆದರು. ಮುಂದೆ ಆ ಬಾಗಿಲು ಸುನ್ನಿಗಳಿಗೂ ತೆರೆಯಿತು. ಹಾಗೆಂದು ಇವರೆಲ್ಲ ಜಿಪುಣರೇ? ಬ್ಯಾಂಕಿನಿಂದ ಬಿಡಿಸಿಕೊಂಡ ಝಕಾತನ್ನು ಬಡ ನೆಂಟರಿಗೆ, ಈಧಿ ಪ್ರತಿಷ್ಠಾನಕ್ಕೆ, ಲಾಹೋರಿನ ಶೌಕತ್ ಖಾನಂ ಕ್ಯಾನ್ಸರ್ ಆಸ್ಪತ್ರೆಗೆ ಕೊಡುವವರು ಬೇಕಾದಷ್ಟಿದ್ದಾರೆ. ಈಧಿಯ ಆಂಬುಲೆನ್ಸ್ ಓಡುವುದು ಕಣ್ಣಿಗೆ ಕಾಣುತ್ತದೆ; ಸರ್ಕಾರಿ ನಿಧಿ ಎಲ್ಲಿ ಓಡುತ್ತದೆಂಬುದು ಕಾಣುವುದಿಲ್ಲ.

ನನ್ನ ನಿಜವಾದ ತಕರಾರು ವಸೂಲಿಯ ಮೇಲಲ್ಲ, ಹಂಚಿಕೆಯ ಮೇಲೆ. ವಿಧವೆಯೊಬ್ಬಳಿಗೆ ‘ಗುಜಾರಾ’, ಅಂದರೆ ಜೀವನ ನಿರ್ವಹಣೆಯ, ಭತ್ಯೆ ಬೇಕೆಂದರೆ ಅವಳು ‘ಮುಸ್ತಹಿಕ್’, ಅಂದರೆ ಅರ್ಹಳು, ಎಂದು ಸ್ಥಳೀಯ ಝಕಾತ್ ಸಮಿತಿ ಒಪ್ಪಬೇಕು. ಆಸ್ಪತ್ರೆಯಲ್ಲಿ ಈ ನಿಧಿಯಿಂದ ಔಷಧಿ ಬೇಕೆಂದರೂ ಸಮಿತಿಯ ಚೀಟಿಯೇ ಗತಿ. ಅಧ್ಯಕ್ಷರು ಆಳುವ ಪಕ್ಷದ ಕಡೆಯವರು, ಪಟ್ಟಿಯಲ್ಲಿ ಅವರ ಹಿಂಬಾಲಕರೇ ಎಂಬ ದೂರು ವ್ಯವಸ್ಥೆಯಷ್ಟೇ ಹಳೆಯದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ! ಸಂವಿಧಾನದ 2010ರ ಹದಿನೆಂಟನೇ ತಿದ್ದುಪಡಿ ಈ ಹೊಣೆಯನ್ನು ಪ್ರಾಂತ್ಯಗಳಿಗೆ ದಾಟಿಸಿತು. ವಿಧವೆ ಮಾತ್ರ ಇಂದಿಗೂ ಆ ಚೀಟಿಗಾಗಿಯೇ ಅಲೆಯಬೇಕು.

ಕುರ್‌ಆನ್ ಹೇಳುವ ಎಂಟು ಬಗೆಯ ಪಾಲುದಾರರಲ್ಲಿ ಮೂರನೆಯವರು ಝಕಾತ್ ಸಂಗ್ರಹಿಸುವ ನೌಕರರೇ. ಹಂಚುವವನಿಗೂ ಹೊಟ್ಟೆಯಿದೆ ಎಂಬುದನ್ನು ಮುಚ್ಚಿಡದ ಸಂಪ್ರದಾಯವಿದು. ಆ ಬಿಚ್ಚುಮನಸ್ಸು ಮೊಹಲ್ಲಾ ಸಮಿತಿಯ ಲೆಕ್ಕಕ್ಕೂ ಇಳಿದು, ಯಾರಿಗೆ ಎಷ್ಟು ಸಂದಿತು, ನಿರ್ವಹಣೆಗೆ ಎಷ್ಟು ಹೋಯಿತು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಪಕ್ಕದ ಬೀದಿಯವರ ಮುಂದೆ ಓದಿದ್ದರೆ ಸಾಕಿತ್ತು. ಫಲಾನುಭವಿಗಳ ಹೆಸರಿನ ಮಾನ ಕಾಯ್ದುಕೊಂಡೇ ಇದನ್ನು ಮಾಡಬಹುದು.

ಈಗ ಕಡಿತ ಬೇಡವೆನ್ನುವವರು ರಂಜಾನಿಗೆ ತಿಂಗಳ ಮುಂಚೆಯೇ ಛಾಪಾಕಾಗದದ ಮೇಲೆ ಪ್ರಮಾಣಪತ್ರ ಬರೆಸಿ, ಸಹಿ ಮಾಡಿಸಿ ಬ್ಯಾಂಕಿಗೆ ಕೊಡುತ್ತಾರೆ. ದಾನವನ್ನು ಸರ್ಕಾರದಿಂದ ಬಿಡಿಸಿಕೊಳ್ಳಲು ಸರ್ಕಾರಕ್ಕೇ ಛಾಪಾ ಶುಲ್ಕ.