ಬಿಸಿಲಿಗೆ ಬೆಚ್ಚುವ ಬೋರ್ಡು

ಉಬ್ರಾಣಿಯಲ್ಲಿ ಬೆಳಗ್ಗೆ ಆರೂವರೆಗೆ ಹಾರಿಸಿದರೆ ನನ್ನ ಡ್ರೋನ್ ಹೇಳಿದ ಮಾತು ಕೇಳುತ್ತಿತ್ತು. ಹತ್ತು ಗಂಟೆಗೆ ಅಡಿಕೆ ತೋಟದ ನೆರಳಿನಿಂದ ಬಯಲಿಗೆ ತಂದೆನೋ, ನಿಂತಲ್ಲೇ ಎತ್ತರ ತಪ್ಪುತ್ತಿತ್ತು. ಗಾಳಿ ಅಂದುಕೊಂಡೆ. ಎಲೆಯೂ ಅಲ್ಲಾಡುತ್ತಿರಲಿಲ್ಲ.

ಒಳಗಿದ್ದದ್ದು ಪಿಕ್ಸ್‌ಹಾಕ್ ಎಂಬ, ಹಾರಾಟ ನಿಯಂತ್ರಿಸುವ ಬೋರ್ಡಿನ ಅಗ್ಗದ ನಕಲು. ಮೂಲ ಬೋರ್ಡು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಲೊರೆಂಜ್ ಮೈಯರ್ ಮತ್ತು ಸಂಗಡಿಗರು ಶುರುಮಾಡಿದ ಕೆಲಸದಿಂದ ಬಂದದ್ದು. ಅದರ ನಕ್ಷೆಯನ್ನು ಅವರೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಹಾಗಾಗಿ ನಕಲು ಮಾಡುವುದು ಕಳ್ಳತನವಲ್ಲ. ಆದರೆ ನಕಲು ಮಾಡುವವರು ದುಡ್ಡು ಉಳಿಸುವುದು ಕಣ್ಣಿಗೆ ಬೀಳದ ಕಡೆ.

ಬೋರ್ಡನ್ನು ಮೇಜಿನ ಮೇಲಿಟ್ಟು ನೋಡಿದೆ. ಎತ್ತರ ತಿಳಿಯಲು ಗಾಳಿಯ ಒತ್ತಡ ಅಳೆಯುವ ಎಂಎಸ್5611 ಚಿಪ್ಪು, ಉದ್ದ 5 ಮಿಲಿಮೀಟರ್, ಲೋಹದ ಟೋಪಿಯಲ್ಲಿ ಸಣ್ಣ ತೂತು. ಅದರ ಮೇಲೆ ಇರಬೇಕಾದ ಸ್ಪಂಜಿನ ಚೂರು ಇರಲಿಲ್ಲ. ಭಾರ ಇಳಿಸಲು ಬೋರ್ಡಿನ ಮುಚ್ಚಳ ಕಿತ್ತೆಸೆದಿದ್ದವನು ನಾನೇ, ಅದು ಬೇರೆ ಮಾತು. ಮೊಬೈಲ್ ಟಾರ್ಚ್ ಹಾಕಿದೆ, ಪರದೆಯಲ್ಲಿ ಎತ್ತರ ಜಿಗಿಯಿತು. ಅಂಗೈ ಅಡ್ಡ ಹಿಡಿದೆ, ಸುಮ್ಮನಾಯಿತು. ತೂತಿನೊಳಗಿನ ಸಿಲಿಕಾನ್‌ಗೆ ಬೆಳಕು ತಾಗಿದರೆ ಅಳತೆ ಕೆಡುತ್ತದೆ. ಒಂದು ಹೆಕ್ಟೊಪ್ಯಾಸ್ಕಲ್ ತಪ್ಪಿದರೆ ಸುಮಾರು 8 ಮೀಟರ್ ತಪ್ಪಿದ ಹಾಗೆ!

ಡ್ರೋನ್ ತಿರುಗುವುದನ್ನು ಅಳೆಯುವ ಗೈರೊ ಚಿಪ್ಪಿನ ಗಲಾಟೆ ಬೇರೆ ಜಾತಿಯದು. ಮೋಟರ್ ನಿಂತಿರುವಾಗಲೂ ಪರದೆಯಲ್ಲಿ ಅದರ ಗೆರೆ ಕುಣಿಯುತ್ತಿದ್ದರೆ ಚಿಪ್ಪನ್ನೋ ವೋಲ್ಟೇಜ್ ರೆಗ್ಯುಲೇಟರನ್ನೋ ಅನುಮಾನಿಸಿ. ಮೋಟರ್ ತಿರುಗಿದಾಗ ಮಾತ್ರವೋ? ಪ್ರೊಪೆಲ್ಲರ್ ಬಿಚ್ಚಿ, ಬೋರ್ಡನ್ನು ಚೌಕಟ್ಟಿನಿಂದ ಬಿಡಿಸಿ ಸ್ಪಂಜಿನ ಮೇಲಿಟ್ಟು ಮೋಟರ್ ಓಡಿಸಿ. ಆಗಲೂ ಗದ್ದಲ ಇದ್ದರೆ ಅದು ವೈರಿನಲ್ಲಿ ಬಂದದ್ದು. ಬ್ಯಾಟರಿ ತಂತಿಗೆ 35 ವೋಲ್ಟ್, 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆಯಿರಿ. ಟಿವಿ ರಿಪೇರಿ ಅಂಗಡಿಯವರು ಸಾಮಾನ್ಯದ್ದು ಕೊಟ್ಟಾರು, ಇಎಸ್‌ಆರ್, ಅಂದರೆ ಒಳಗಿನ ರೋಧ, ಕಡಿಮೆ ಇರುವುದನ್ನೇ ಕೇಳಿ. ಸ್ಪಂಜಿನ ಮೇಲಿಟ್ಟಾಗಲೇ ಗದ್ದಲ ಹೋದರೆ ತಪ್ಪು ನಡುಕದ್ದು: ಪ್ರೊಪೆಲ್ಲರ್ ತೂಕ ಸರಿಮಾಡಿ, ಬೋರ್ಡಿನಡಿ ಮೆತ್ತೆ ಕೊಡಿ. ಹಾರಾಟ ನಡೆಸುವ ಆರ್ಡುಪೈಲಟ್ ಸಾಫ್ಟ್‌ವೇರಿನ ಲಾಗ್‌ನಲ್ಲಿ ನಡುಕ 30ರೊಳಗಿದ್ದರೆ ನೆಮ್ಮದಿ, 60 ದಾಟಿದರೆ ಹಾರಿಸಬೇಡಿ.

ಇದನ್ನೆಲ್ಲ ಬಿಟ್ಟು ಸೀದಾ ಸಾಫ್ಟ್‌ವೇರ್ ಫಿಲ್ಟರ್ ಬಿಗಿಮಾಡುವವರೇ ಹೆಚ್ಚು. ಫಿಲ್ಟರ್ ಬಿಗಿಯಾದಷ್ಟೂ ಸುದ್ದಿ ತಡವಾಗಿ ತಲುಪುತ್ತದೆ, ಡ್ರೋನ್ ತೂರಾಡುತ್ತದೆ. ಅದು ಕೊನೆಯ ಮದ್ದು.

ಒತ್ತಡದ ಚಿಪ್ಪಿನ ಮೇಲೆ ಸ್ಪಂಜು ಹಾಕುವವರಿಗೆ ಒಂದು ಮಾತು: ಕಪ್ಪು ಬಣ್ಣದ, ಗಾಳಿಯಾಡುವ ಜಾತಿಯದನ್ನೇ ಆರಿಸಿ. ಗೋಂದು ಮಾತ್ರ ತೂತಿಗೆ ತಾಗದಿರಲಿ.