ಆಣೆಯ ಎರಡನೇ ಭಾಗ

ದಲೈ ಲಾಮಾ 2011ರಲ್ಲಿ ರಾಜಕೀಯ ಅಧಿಕಾರವನ್ನು ಚುನಾಯಿತರಿಗೆ ಬಿಟ್ಟುಕೊಟ್ಟಾಗ, ಧರ್ಮಕ್ಕೂ ರಾಜ್ಯಕ್ಕೂ ಬಿದ್ದಿದ್ದ ಗಂಟು ಬಿಚ್ಚಿತೆಂದು ಹೊಗಳದವರಿಲ್ಲ. 1642ರಿಂದ ನಡೆದುಬಂದ ಅಧಿಕಾರವನ್ನು ತಾನಾಗಿ ಬಿಡುವುದು ಸಣ್ಣ ಮಾತಲ್ಲ, ನಿಜ. ಆದರೆ ಟಿಬೆಟನ್ ನಿರಾಶ್ರಿತರ ಮಠಗಳಿರುವ ನಮ್ಮ ಬೈಲಕುಪ್ಪೆಯ ಕಡೆಯಿಂದ ನೋಡಿದವರಿಗೆ ಆ ಹೊಗಳಿಕೆ ಅತಿಯೆನಿಸುತ್ತದೆ. ಗಂಟಿನ ಬಿಗಿ ಇದ್ದದ್ದು ದೇಶಭ್ರಷ್ಟ ಸರ್ಕಾರವಿರುವ ಧರ್ಮಶಾಲೆಯ ಕುರ್ಚಿಯಲ್ಲಲ್ಲ, ಮೂರು ವರ್ಷ ಮೊದಲು ಮಠಗಳಲ್ಲಿ ಮಾಡಿಸಿದ ಆಣೆಯಲ್ಲಿ.

2008ರ ಆ ಆಣೆಗೆ ಎರಡು ಭಾಗ. ದಲೈ ಲಾಮಾ ಬೇಡವೆಂದ ದೋರ್ಜೆ ಶುಗ್ದೆನ್ ಎಂಬ ದೇವತೆಯನ್ನು ಪೂಜಿಸುವುದಿಲ್ಲ ಎಂಬುದು ಮೊದಲನೆಯದು. ಪೂಜಿಸುವವರ ಜೊತೆ ಧಾರ್ಮಿಕವಾಗಲಿ ಲೌಕಿಕವಾಗಲಿ ಸಂಬಂಧ ಇಟ್ಟುಕೊಳ್ಳುವುದಿಲ್ಲ ಎಂಬುದು ಎರಡನೆಯದು. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಈ ಪೂಜೆ ಬಿಡದವರು ತನ್ನಿಂದ ದೀಕ್ಷೆ ಪಡೆಯಬಾರದು ಎನ್ನುವುದು ಗುರುವಿಗೆ ಸೇರಿದ ವಿಚಾರ. ಎರಡನೆಯದು ಗುರು-ಶಿಷ್ಯರ ನಡುವಿನದೇ ಅಲ್ಲ. ಭಿಕ್ಷು ಏನು ನಂಬುತ್ತಾನೆ ಎಂದು ಅದು ಕೇಳುವುದಿಲ್ಲ. ಯಾರ ಪಂಕ್ತಿಯಲ್ಲಿ ಕೂರುತ್ತಾನೆ ಎಂದು ಕೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನೇ ಬಹಿಷ್ಕಾರ ಅನ್ನುತ್ತಾರೆ. ಬೈಲಕುಪ್ಪೆಯ ಸೆರಾ ಮೇ ಮಠದ ಪೊಮ್ರಾ ವಿಭಾಗದಿಂದ ಒಡೆದುಹೋದವರು ಸೆರ್ಪೊಮ್ ಎಂಬ ಬೇರೆ ಮಠವನ್ನೇ ಕಟ್ಟಿಕೊಳ್ಳಬೇಕಾಯಿತು.

ಶುಗ್ದೆನ್ ಪರ ವಾದಿಸುವ ವಿಮರ್ಶಕರೂ ಅರ್ಧ ಮಾತನ್ನೇ ಹೇಳುತ್ತಾರೆ. ಅವರ ಬಾಯಲ್ಲಿ ಇದು ಬರೀ ಧಾರ್ಮಿಕ ಸ್ವಾತಂತ್ರ್ಯದ ಪ್ರಶ್ನೆ. ಆದರೆ ದಲೈ ಲಾಮಾ ಅವರದೇ ಆದ ಗೆಲುಗ್ ಪಂಥದ ಭಿಕ್ಷುಗಳು ಇನ್ನೊಂದು ಬೌದ್ಧ ಪಂಥವಾದ ನಿಂಗ್ಮಾದ ಬೋಧನೆಯನ್ನು ಬೆರೆಸಿಕೊಂಡರೆ ದಂಡಿಸುವ ದೇವತೆ ಇದೆಂದು ಅದರ ಭಕ್ತರ ಕಥೆಗಳೇ ಸಾರುತ್ತವೆ. ನಿಂಗ್ಮಾ ಪಂಥದ ನಾಮ್‌ಡ್ರೋಲಿಂಗ್, ಅಂದರೆ ಪ್ರವಾಸಿಗರ ಗೋಲ್ಡನ್ ಟೆಂಪಲ್, ಇದೇ ಬೈಲಕುಪ್ಪೆಯಲ್ಲಿರುವಾಗ ಅದನ್ನು ಮರೆಸಿ ವಾದಿಸುವುದು ಪ್ರಾಮಾಣಿಕವಲ್ಲ.

ನಾಡು ಕಳೆದುಕೊಂಡವರಿಗೆ ಗುರುವಲ್ಲದೆ ಒಗ್ಗಟ್ಟಿಗೆ ಬೇರೇನಿದೆ, ಶುಗ್ದೆನ್ ಗುಂಪುಗಳ ಬೆನ್ನಿಗೆ ಚೀನಾ ಇಲ್ಲವೇ ಎಂಬ ಆಕ್ಷೇಪ ತೂಕದ್ದು. ಚೀನಾದ ಬೆಂಬಲದ ಬಗ್ಗೆ ರಾಯಿಟರ್ಸ್ 2015ರಲ್ಲಿ ವರದಿಯನ್ನೂ ಮಾಡಿತು. ಆದರೂ, ಯಾರೋ ಒಬ್ಬ ಚೀನಾದ ಹಣ ತಿಂದಿದ್ದರೆ ಅವನ ಮೇಲೆ ಆರೋಪ ಹೊರಿಸಿ ರುಜುವಾತು ಮಾಡಬೇಕು. ದೇವರ ಕೋಣೆಯ ಪಟ ನೋಡಿ ನಿಷ್ಠೆ ಅಳೆದರೆ ಚೀನಾದ ಗಂಧವೇ ಗೊತ್ತಿಲ್ಲದ ಮುದಿ ಭಿಕ್ಷುವೂ ದ್ರೋಹಿಯಾಗುತ್ತಾನೆ. 2011ರ ಅಧಿಕಾರ ತ್ಯಾಗ ಇದನ್ನು ಸರಿಪಡಿಸಲಿಲ್ಲ. ಧರ್ಮ, ರಾಜ್ಯಗಳ ಗಂಟು ಮತದಾನದಲ್ಲೂ ಹಾಗೇ ಉಳಿದಿದೆ. ದೇಶಭ್ರಷ್ಟ ಸಂಸತ್ತಿನಲ್ಲಿ ಇಂದಿಗೂ ನಾಲ್ಕು ಬೌದ್ಧ ಪಂಥಗಳಿಗೆ ಮತ್ತು ಬೊನ್ ಧರ್ಮಕ್ಕೆ ತಲಾ ಎರಡು ಸ್ಥಾನ ಮೀಸಲು. ಗೃಹಸ್ಥನಿಗೆ ಪ್ರಾಂತದ ಮತವೊಂದೇ, ಭಿಕ್ಷುವಿಗೆ ಅದರ ಜೊತೆಗೆ ಪಂಥದ ಮತವೂ ಉಂಟು.